ಫಾರ್ಮ್ಯಾಟ್ ಹೊಡೆಸುವ ಮೊದಲು

"ಸರ, ತಾನ ಬಂದ್ ಆಗತೈತ್ರಿ. ಯಾವಾಗ ಅಂತ ಹೇಳಾಕ ಬರಂಗಿಲ್ಲ." ಮುಧೋಳದ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಈ ಮಾತು ಹೊಸದಲ್ಲ. ಉತ್ತರವೂ ಸಿದ್ಧವಿರುತ್ತದೆ: "ಫಾರ್ಮ್ಯಾಟ್ ಹೊಡದ ಇಟ್ಟಿರ್ತೀನಿ, ಸಂಜಿಕ ಬರ್ರಿ." ವಿಂಡೋಸ್ ಹೊಸದಾಗಿ ಕೂರುತ್ತದೆ. ಮದುವೆಯ ಫೋಟೊ, ನುಡಿಯಲ್ಲಿ ಟೈಪ್ ಮಾಡಿಟ್ಟ ಕಡತ, ಮಗಳ ಕಾಲೇಜಿನ ಪ್ರಾಜೆಕ್ಟ್ ಅಳಿಸಿ ಹೋಗುತ್ತವೆ. ನಾಲ್ಕು ದಿನಕ್ಕೆ ಯಂತ್ರ ಮತ್ತೆ ಬಂದ್. ದೋಷ ವಿಂಡೋಸಿನಲ್ಲಿ ಇರಲೇ ಇಲ್ಲವೆಂದರೆ ಇನ್ನೇನಾದೀತು?

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಡೆಸ್ಕ್‌ಟಾಪ್ ಹೇಳದೆ ಕೇಳದೆ ಬಂದ್ ಬಿದ್ದರೆ ನನ್ನ ಮೊದಲ ಅನುಮಾನ ಕರೆಂಟಿನ ಮೇಲೆ, ಎರಡನೆಯದು ಧೂಳು ಮತ್ತು ಬಿಸಿಲಿನ ಮೇಲೆ. ಸಾಫ್ಟ್‌ವೇರಿನ ಸರದಿ ಆಮೇಲೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಬ್ಯಾಟರಿ ಇರುತ್ತದೆ. ಡೆಸ್ಕ್‌ಟಾಪ್ ಮಾತ್ರ ಗೋಡೆಯ ಪ್ಲಗ್ಗು ಕೊಟ್ಟಷ್ಟನ್ನೇ ನಂಬಿ ಬದುಕಬೇಕು.

ಮೊದಲು ಒಂದು ಚೀಟಿ, ಜೊತೆಗೆ ಬ್ಯಾಕಪ್

ಏನನ್ನೂ ಬಿಚ್ಚುವ ಮೊದಲು ಬೇಕಾದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್ ಡಿಸ್ಕಿಗೋ ಹಾಕಿಕೊಳ್ಳಿ. ಆಮೇಲೆ ಮಾನಿಟರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ. ಬಂದ್ ಆದಾಗಲೆಲ್ಲ ತಾರೀಖು, ಗಂಟೆ, ಆಗ ಏನು ಕೆಲಸ ನಡೆದಿತ್ತು, ಮನೆಯಲ್ಲಿ ಏನು ಶುರುವಾಯಿತು ಎಂಬುದನ್ನು ಬರೆಯಿರಿ. ಲೈಟು ಮಂಕಾಯಿತೇ, ಫ್ರಿಜ್ಜಿನ ಮೋಟಾರು ಗುಂಯ್ ಎಂದಿತೇ, ಯುಪಿಎಸ್ ಕೂಗಿತೇ ಎಲ್ಲವೂ ಬೇಕು. ಹತ್ತು ಸಾಲು ತುಂಬುವಷ್ಟರಲ್ಲಿ "ಯಾವಾಗ ಅಂತ ಹೇಳಾಕ ಬರಂಗಿಲ್ಲ" ಎನ್ನುತ್ತಿದ್ದವರಿಗೇ ಗಂಟೆ ಕಾಣತೊಡಗುತ್ತದೆ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಓಣಿಯ ಮೋಟಾರುಗಳೆಲ್ಲ ಏಳುವಾಗ, ಇಲ್ಲವೇ ಏಪ್ರಿಲ್‌ನ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ.

ಬಂದ್ ಆಗುವ ರೀತಿಯನ್ನೂ ಬರೆಯಿರಿ. ಸ್ವಿಚ್ ಆರಿಸಿದಂತೆ ಪಟ್ಟನೆ ಕತ್ತಲಾದರೆ ಕರೆಂಟು, ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ಡಬ್ಬಿ) ಅಥವಾ ವಿಪರೀತ ಕಾವು. ಚಿತ್ರ ನಿಂತಲ್ಲೇ ನಿಂತು ಮೌಸ್ ಕೂಡ ಅಲುಗದಿದ್ದರೆ ಡಿಸ್ಕ್, ರ‍್ಯಾಮ್ ಅಥವಾ ಡ್ರೈವರ್. ನೀಲಿ ಪರದೆ ಬಂದರೆ ಅದು ವಿಂಡೋಸ್ ತಾನಾಗಿಯೇ ಕೈಚೆಲ್ಲಿದ ಗುರುತು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಆ ಪರದೆ ಕಪ್ಪಾಗಿದೆ, ಗಾಬರಿ ಬೇಡ. ಒಂದೇ ಪ್ರೋಗ್ರಾಂ ಮುಚ್ಚಿಕೊಂಡು ಉಳಿದದ್ದೆಲ್ಲ ನಡೆಯುತ್ತಿದ್ದರೆ ಆ ಪ್ರೋಗ್ರಾಮನ್ನೇ ತೆಗೆದು ಮತ್ತೆ ಹಾಕಿ. ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗದು.

ವಿಂಡೋಸ್ ಬರೆದಿಡುವ ಲೆಕ್ಕ

ನಿಮ್ಮ ಚೀಟಿಯಂತೆ ವಿಂಡೋಸೂ ಒಂದು ದಿನಚರಿ ಇಟ್ಟಿರುತ್ತದೆ. ಸ್ಟಾರ್ಟ್ ಒತ್ತಿ "ರಿಲಯಬಿಲಿಟಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ದಿನದಿನದ ನಕ್ಷೆ ತೆರೆಯುತ್ತದೆ. ಕೆಂಪು ಗುರುತು ಬಿದ್ದ ದಿನಗಳನ್ನು ಚೀಟಿಯೊಂದಿಗೆ ಹೋಲಿಸಿ. ಕೆಂಪು ಗುರುತು ಶುರುವಾಗುವ ಹಿಂದಿನ ದಿನ ಹೊಸ ಡ್ರೈವರೋ ಅಪ್‌ಡೇಟೋ ಬಂದಿದ್ದರೆ ಕಳ್ಳ ಅಲ್ಲೇ ಇರಬಹುದು.

ಇನ್ನೂ ಒಳಗಿನ ಸುದ್ದಿ ಬೇಕಿದ್ದರೆ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್‌ನ ಸಿಸ್ಟಂ ವಿಭಾಗಕ್ಕೆ ಹೋಗಿ. ಅಲ್ಲಿ "ಕರ್ನೆಲ್-ಪವರ್ 41" ಎಂಬ ಸಾಲನ್ನು ಕಂಡು ಹಲವರು ಇದೇ ಕಾರಣವೆಂದು ತೀರ್ಮಾನಿಸುತ್ತಾರೆ. ಅದು ಹೇಳುವುದು ಹಿಂದಿನ ಸಲ ಯಂತ್ರ ಸರಿಯಾದ ಕ್ರಮದಲ್ಲಿ ಬಂದ್ ಆಗಲಿಲ್ಲ ಎಂಬುದನ್ನಷ್ಟೆ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಸೊನ್ನೆ ಇದ್ದರೆ ವಿಂಡೋಸಿಗೆ ಏನನ್ನೂ ಬರೆದಿಡಲು ಪುರಸೊತ್ತು ಸಿಕ್ಕಿಲ್ಲ, ಹೆಚ್ಚಾಗಿ ಕರೆಂಟೇ ಕೈಕೊಟ್ಟಿದೆ. ಬೇರೆ ಅಂಕಿ ಇದ್ದರೆ ನೀಲಿ ಪರದೆ ಬಂದು ಹೋಗಿದೆ. ಹ್ಯಾಂಗ್ ಆದಾಗ ನೀವೇ ಬಟನ್ ಒತ್ತಿ ಹಿಡಿದು ಬಂದ್ ಮಾಡಿದರೂ ಸೊನ್ನೆಯೊಂದಿಗೆ ಇದೇ 41 ಬೀಳುತ್ತದೆ. ಚೀಟಿ ಬರೆಯಿರಿ ಎಂದದ್ದು ಇದಕ್ಕೇ. ಡಬ್ಲ್ಯೂಎಚ್‌ಇಎ-ಲಾಗರ್ ಹೆಸರಿನ ಸಾಲು ಕಂಡರೆ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡಿನಂಥ ಹಾರ್ಡ್‌ವೇರೇ ದೂರು ಕೊಟ್ಟಿದೆ ಎಂದರ್ಥ. ಫಾರ್ಮ್ಯಾಟಿನಿಂದ ಅದು ವಾಸಿಯಾಗದು.

ನೀಲಿ ಪರದೆ ಮಿಂಚಿ ಮಾಯವಾಗುತ್ತಿದ್ದರೆ ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ "ಆಟೊಮ್ಯಾಟಿಕಲಿ ರೀಸ್ಟಾರ್ಟ್" ಮುಂದಿನ ಗುರುತು ತೆಗೆಯಿರಿ. ಮುಂದಿನ ಸಲ ಪರದೆ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಬಹುದು. ಪ್ರತಿ ಸಲವೂ ಒಂದೇ ಕೋಡ್ ಬಂದರೆ ಡ್ರೈವರಿನ ಮೇಲೆ ಅನುಮಾನ. ಸಲಕ್ಕೊಂದು ಬಂದರೆ ರ‍್ಯಾಮ್ ಅಥವಾ ಎಸ್‌ಎಂಪಿಎಸ್ ಮೇಲೆ.

ಕರೆಂಟು

ಮನೆಗೆ ಬರಬೇಕಾದ್ದು 230 ವೋಲ್ಟ್. ಶೇ 6ರಷ್ಟು ಏರಿಳಿತಕ್ಕೆ ನಿಯಮದಲ್ಲಿ ಅವಕಾಶವಿದೆ, ಅಂದರೆ ಹೆಚ್ಚುಕಡಿಮೆ 216ರಿಂದ 244. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಕಂಪ್ಯೂಟರಿನ ಪ್ಲಗ್ಗಿನಲ್ಲೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟರ ಹೊತ್ತಿಗೆ ಅಳೆದು ಚೀಟಿಯಲ್ಲಿ ಬರೆಯಿರಿ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ವೈರ್‌ಮನ್ ಕರೆಸಿ.

ತೋಟದಲ್ಲಿ ಮನೆ ಮಾಡಿಕೊಂಡವರು ಇದನ್ನು ಬಿಡಲೇಬಾರದು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರು, ಪಂಪ್‌ಸೆಟ್ಟಿನ ಫೀಡರು ಬೇರೆಯಾದವು. ಊರಿಗೆ ಅದರಿಂದ ಅನುಕೂಲವಾಯಿತು, ಆದರೆ ಪಂಪ್‌ಸೆಟ್ಟಿನ ಲೈನಿನ ಮೇಲೇ ಇರುವ ತೋಟದ ಮನೆಗಳ ಕಷ್ಟ ಉಳಿದುಕೊಂಡಿತು. ತ್ರೀ ಫೇಸ್ ಬಂದ ಕ್ಷಣ ಕಬ್ಬಿನ ಪಡದ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದರ ಹಲವು ಪಟ್ಟು, ಹಾಗಾಗಿ ವೋಲ್ಟೇಜ್ ಕುಸಿಯುತ್ತದೆ. ರಾತ್ರಿ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಚ್ಚಿ ಮೋಟಾರು ಎಬ್ಬಿಸುವವರು ನಿಮ್ಮದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಮೇಲಿದ್ದರಂತೂ ಕಂಪ್ಯೂಟರ್ ಹಚ್ಚದಿರುವುದೇ ಲೇಸು. ಇಂಥ ಕಡೆ ಸ್ಟೆಬಿಲೈಸರ್ ಜೊತೆ ಯುಪಿಎಸ್ ಬೇಕು. ಫಾರ್ಮ್ಯಾಟ್ ಎಷ್ಟು ಸಲ ಹೊಡೆಸಿದರೂ ಟಿ.ಸಿ. ಬದಲಾಗದು.

ಪ್ಲಗ್ಗನ್ನೂ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸಿನ ಸಡಿಲ ತೂತು, ಕಪ್ಪಾದ ಪಿನ್ನು, ಮುಟ್ಟಿದರೆ ಬಿಸಿ ಹತ್ತುವ ಪ್ಲಗ್ಗು ಇವುಗಳಲ್ಲಿ ಯಾವುದಿದ್ದರೂ ಮೊದಲು ಅದನ್ನು ಬದಲಿಸಿ. ಫ್ರಿಜ್ಜು, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಇರುವ ಬಾಕ್ಸಿನಿಂದ ಕಂಪ್ಯೂಟರನ್ನು ಬೇರೆ ಮಾಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ? ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸ್ವಲ್ಪ ಕರೆಂಟು ಯಾವಾಗಲೂ ಕವಚಕ್ಕೆ ಸೋರುತ್ತಿರುತ್ತದೆ. ಅದು ಭೂಮಿಗೆ ಇಳಿಯಬೇಕು, ದಾರಿ ಇಲ್ಲದಿದ್ದರೆ ನಿಮ್ಮ ಬೆರಳೇ ದಾರಿ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವೈರ್‌ಮನ್ನಿಗೆ ಹೇಳಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಕಂಬಿಗೂ ಮಣ್ಣಿಗೂ ನಂಟು ತಪ್ಪುತ್ತದೆ. ಅರ್ಥಿಂಗ್ ಕುಣಿಗೆ ಆಗಾಗ ನೀರು ಹನಿಸಬೇಕು.

ಯುಪಿಎಸ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಮನೆಯ 600 ವಿಎ ಯುಪಿಎಸ್‌ನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ, ಸೆಕೆಯಲ್ಲಿ ಇನ್ನೂ ಕಡಿಮೆ. ಎಲ್ಲ ಕೆಲಸ ಉಳಿಸಿ, ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಕಂಪ್ಯೂಟರ್ ಒಡನೆ ಸತ್ತರೆ ಬ್ಯಾಟರಿಯ ಕತೆ ಮುಗಿದಿದೆ. ಬ್ಯಾಟರಿ ಹೊಸದಿದ್ದೂ "ಟಕ್" ಎಂದ ಕೂಡಲೇ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ನೋಡಬೇಕು. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಹೋದ ಮೇಲೂ ಸೆಕೆಂಡಿನ ಸಾವಿರ ಭಾಗಗಳಲ್ಲಿ 16ರಷ್ಟು ಹೊತ್ತು ತಡೆದುಕೊಳ್ಳುತ್ತದೆ. ಯುಪಿಎಸ್‌ಗೆ ಹೊರಳಲು ಅಷ್ಟು ಸಮಯ ಸಾಕು. ಕೆಪಾಸಿಟರ್ ಒಣಗಿದ ಹಳೆಯದಕ್ಕೆ ಅಷ್ಟೂ ತಾಳಿಕೆ ಇರುವುದಿಲ್ಲ. ಮನೆಯ ಇನ್ವರ್ಟರಿಗೆ ಜೋಡಿಸಿದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇನ್ನೊಂದು ಮೋಡ್‌ನಲ್ಲಿ ಅದು ನಿಧಾನವಾಗಿ ಹೊರಳುತ್ತದೆ.

ಎಸ್‌ಎಂಪಿಎಸ್ ಪರೀಕ್ಷೆಗೆ ನಂಬಿಕೆಯ ದಾರಿ ಒಂದೇ: ಸರಿಯಾಗಿರುವ ಇನ್ನೊಂದನ್ನು ಎರವಲು ತಂದು ನಾಲ್ಕು ದಿನ ಓಡಿಸುವುದು. ಹಸಿರು, ಕಪ್ಪು ವೈರಿಗೆ ಕ್ಲಿಪ್ ಸಿಕ್ಕಿಸಿ "ಫ್ಯಾನ್ ತಿರುಗತೈತಿ, ಚಲೋ ಐತಿ" ಎನ್ನುವ ಪರೀಕ್ಷೆ ಭಾರ ಹೊತ್ತಾಗಿನ ದೋಷ ಹಿಡಿಯದು. ಬಯಾಸ್‌ನಲ್ಲಿ 12 ವೋಲ್ಟಿನ ಸಾಲು 11.4ರಿಂದ 12.6ರೊಳಗೆ ಇರಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ಡಿ.ಸಿ. ಪ್ಲಗ್ ಕಿತ್ತ ಮೇಲೂ ನಿಂತಿರಬಹುದು.

ಧೂಳು, ಬೂದಿ, ಅರಳೆ

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದ ಸುತ್ತ ಕಾರ್ಖಾನೆಯ ಚಿಮಣಿ ಬೂದಿ, ಗದ್ದೆಯಲ್ಲಿ ರವದಿ ಸುಟ್ಟ ಕರಿ ಗಾಳಿಯಲ್ಲಿ ಇರುತ್ತವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗವಿರುವ ಮನೆಯ ಕಂಪ್ಯೂಟರ್ ಬಿಚ್ಚಿದರೆ ಬೇರೆಯದೇ ನೋಟ. ಪ್ರೊಸೆಸರ್ ಫ್ಯಾನು ಮೇಲಿನಿಂದ ಸ್ವಚ್ಛವಾಗಿಯೇ ಕಾಣುತ್ತದೆ. ಅದನ್ನು ಕಳಚಿದರೆ ಕೆಳಗಿನ ಅಲ್ಯುಮಿನಿಯಂ ಹಲ್ಲುಗಳ ಮೇಲೆ ನೂಲಿನ ಧೂಳು ಪದರ ಪದರವಾಗಿ ಕೂತು, ಕೌದಿ ಹೊದಿಸಿದಂತೆ ಆಗಿರುತ್ತದೆ. ಬೆರಳಲ್ಲಿ ಹಿಡಿದೆಳೆದರೆ ಅಖಂಡವಾಗಿ ಎದ್ದು ಬರುತ್ತದೆ. ಫ್ಯಾನು ತಿರುಗಿದರೂ ಗಾಳಿ ಕೆಳಗಿಳಿಯುವುದಿಲ್ಲ.

ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಕಾವು ನೋಡಬಹುದು. ಕೆಲಸದ ಹೊತ್ತಿನಲ್ಲಿ 80 ಡಿಗ್ರಿಯವರೆಗೆ ಚಿಂತೆಯಿಲ್ಲ. ಬಹಳಷ್ಟು ಪ್ರೊಸೆಸರುಗಳು 100ರ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಬಗ್ಗದಿದ್ದರೆ ಬಂದ್ ಬೀಳುತ್ತವೆ. ಏಪ್ರಿಲ್-ಮೇನಲ್ಲಿ ಕೋಣೆಯೇ 40 ಡಿಗ್ರಿ ಆದಾಗ ಧೂಳು ತುಂಬಿದ ಯಂತ್ರಕ್ಕೆ ಅಲ್ಲಿಗೆ ಮುಟ್ಟಲು ಹೊತ್ತು ಹಿಡಿಯದು.

ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ತನ್ನಿ. ಮೆತ್ತನೆಯ ಬ್ರಷ್ ಸಾಕು. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ಕೂಲರ್ ತೆಗೆದಿರೋ, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಬೇಕು. ಇಂಟೆಲ್ ಪ್ರೊಸೆಸರಿನೊಂದಿಗೆ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಗೂಟಗಳಿರುತ್ತವೆ. ನಾಲ್ಕೂ "ಕಟ್" ಎಂದು ಕೂರಬೇಕು. ಒಂದು ಮೇಲೆದ್ದರೂ ಕೂಲರ್ ಓರೆಯಾಗಿ ನಿಂತು ಕಾವು ಏರುತ್ತದೆ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂಬುದನ್ನೂ ಅದೇ ಬೆಳಕಿನಲ್ಲಿ ನೋಡಿಬಿಡಿ. 2019ರ ಘಟಪ್ರಭೆಯ ನೆರೆಯಲ್ಲಿ ನೀರುಂಡು ಒಣಗಿಸಿಟ್ಟ ಯಂತ್ರವಾಗಿದ್ದರೆ ಸಾಕೆಟ್ಟುಗಳಲ್ಲಿ ಹಸಿರು ಕಿಲುಬು ಹುಡುಕಿ.

ರ‍್ಯಾಮ್ ಮತ್ತು ಡಿಸ್ಕ್

ರ‍್ಯಾಮ್ ಕಳಚಿ, ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಝಾಡಿಸಿ ಮತ್ತೆ ಒತ್ತಿ ಕೂರಿಸುವುದು ನಮ್ಮ ಅಂಗಡಿಗಳ ಹಳೆಯ ಉಪಾಯ. ಎಷ್ಟೋ ಸಲ ಅದೇ ಸಾಕಾಗುತ್ತದೆ. ಆಗದಿದ್ದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ಸರಿಯಿಲ್ಲ, "ಒಂದಽ ಅಲ್ಲೇನ್ರಿ" ಎನ್ನುವಂತಿಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೀಕ್‌ನಲ್ಲಿ ಮತ ಎಣಿಸುವ ಕಂಪ್ಯೂಟರು ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚು ತೋರಿಸಿತ್ತು. ಮೆಮೊರಿಯ ಒಂದೇ ಒಂದು ಬಿಟ್ ಅದಲುಬದಲಾದರೂ ಸರಿಯಾಗಿ ಅಷ್ಟೇ ವ್ಯತ್ಯಾಸ ಬರಬಹುದು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಸ್ಲಾಟ್ ಬದಲಿಸಿ ಪರೀಕ್ಷಿಸಿ. ತಪ್ಪು ರ‍್ಯಾಮ್‌ನ ಹಿಂದೆ ಹೋದರೆ ರ‍್ಯಾಮ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಮದರ್‌ಬೋರ್ಡು.

ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ. ಹಾರ್ಡ್ ಡಿಸ್ಕಿನಲ್ಲಿ 05, ಸಿ5, ಸಿ6 ಸಾಲುಗಳ ಲೆಕ್ಕ ಸೊನ್ನೆಯಿಂದ ಮೇಲೇರುತ್ತಿದ್ದರೆ ಡಿಸ್ಕ್ ಹಾಳಾಗುತ್ತಿದೆ; ಸಿ7 ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ಮಗ್ಗದ ಅದುರಿಗೆ ಕೇಬಲ್ ಸಡಿಲವಾಗುವುದೂ ಉಂಟು.

ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಿಗೆ ಒಂದು ಮಾತು. ಅವು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕೆಡುತ್ತಿವೆ ಎಂದು 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯಾಸ್ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯಾಸ್ ಅಪ್‌ಡೇಟ್ ಮಾಡುವಾಗ ಯುಪಿಎಸ್ ಗಟ್ಟಿಯಾಗಿರಲಿ, ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋಗಬಹುದು.

ಹಾರ್ಡ್‌ವೇರೋ ವಿಂಡೋಸೋ

ಇಷ್ಟಾಗಿಯೂ ಅನುಮಾನ ಉಳಿದರೆ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಒಂದೆರಡು ದಿನ ಕಂಪ್ಯೂಟರ್ ನಡೆಸಿ. ಅದರಲ್ಲೂ ಬಂದ್ ಬಿದ್ದರೆ ವಿಂಡೋಸ್ ನಿರಪರಾಧಿ. ಬೀಳದಿದ್ದರೆ ಡಿಸ್ಕ್, ಡ್ರೈವರ್ ಇಲ್ಲವೇ ವಿಂಡೋಸ್. ಫಾರ್ಮ್ಯಾಟ್ ಹೊಡೆಸುವುದಕ್ಕೆ ಅರ್ಥ ಬರುವುದು ಡಿಸ್ಕ್ ಚೆನ್ನಾಗಿದೆ ಎಂದು ನೋಡಿದ ಮೇಲೆ, ಈ ಹಂತದಲ್ಲಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದು, ಹಿಂದೆ ಎಷ್ಟು ದಿನಕ್ಕೊಮ್ಮೆ ಬಂದ್ ಆಗುತ್ತಿತ್ತೋ ಅದರ ಎರಡು ಮೂರು ಪಟ್ಟು ಕಾಯಿರಿ. ಅಂಗಡಿಗೆ ಒಯ್ಯುವಾಗ ಆ ಹಾಳೆಯನ್ನೂ ಒಯ್ಯಿರಿ. ಯಾವ ಭಾಗ ಬದಲಿಸಿದರೂ ಅದರ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.