ಮೊದಲು ಕೈಗೆ ಎಣ್ಣೆ ಸವರಿಕೋ

ನೋಡು ಮಗೂ, ಎಳೆತನದಲ್ಲಿ ಮನಸ್ಸಿಗೆ ಬಿದ್ದ ಪೆಟ್ಟನ್ನೆಲ್ಲ ನಾಟಕ ಮಾಡುತ್ತೇನೆ, ಚಿತ್ರ ಬರೆಯುತ್ತೇನೆ ಅಂತ ಹೊರಟಿದ್ದೀಯಲ್ಲ, ಸಂತೋಷ. ನಿನ್ನ ಕೈಯಲ್ಲಿ ಕಸುಬಿದೆ, ಎದೆಯಲ್ಲಿ ಹೇಳುವುದಿದೆ. ಇಲ್ಲದ್ದು ತಾಳ್ಮೆ ಒಂದೇ. ರಾತ್ರಿ ಬರೆದು, ಬೆಳಗ್ಗೆ ಮೊಬೈಲಿಗೆ ಹಾಕಿ, ಮಧ್ಯಾಹ್ನ ಮುದ್ದೆ ಉಣ್ಣುವ ಹೊತ್ತಿಗೆ ಗಾಯ ಮಾಯ್ದಿರಬೇಕು ನಿನಗೆ! ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ದೊಡ್ಡವರು ಹೇಳುವ ಒಂದು ಸುಳ್ಳನ್ನು ಮೊದಲು ಆಚೆಗೆ ಹಾಕೋಣ. ‘ಮಕ್ಕಳಿಗೇನು ಗೊತ್ತಾಗುತ್ತೆ, ಆಡ್ತಾ ಆಡ್ತಾ ಮರೀತವೆ’ ಅಂತಾರೆ. ಮರೆಯಲ್ಲ. ನೆಂಟರ ಮುಂದೆ ಬಣ್ಣ ಆಡಿಕೊಂಡದ್ದು, ಅಣ್ಣನಿಗೆ ಹೋಲಿಸಿ ಹಂಗಿಸಿದ್ದು, ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದು, ಅಪ್ಪ ಕುಡಿದು ಬಂದ ರಾತ್ರಿ ಮೂಲೆಯಲ್ಲಿ ಮುದುರಿ ಕೂತದ್ದು, ಇವು ಹೋಗುವುದಿಲ್ಲ. ಹೊಡೆದವರು ಮರೆಯುತ್ತಾರೆ, ತಿಂದವರು ಮರೆಯುವುದಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡಿರು ಅಂತ ನಾನು ಹೇಳಲ್ಲ. ಹೇಗೆ ಬಾಯಿ ಬಿಡಬೇಕು ಅನ್ನುವುದಷ್ಟೇ ನನ್ನ ಮಾತು.

ನೀನು ಚೇಳೂರಿನ ಮಗು. ಹಲಸಿನ ಕಾಲದಲ್ಲಿ ನಮ್ಮ ಮಾರುಕಟ್ಟೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕೆ? ಇದೇ ಹೋಬಳಿಯ ಒಂದು ಮರದ ಕೆಂಪು ತೊಳೆಯ ತಳಿ ‘ಸಿದ್ದು’ ಅಂತ ನಾಡಿಗೆಲ್ಲ ಹೆಸರಾಗಿದೆ. ಬರಿಗೈಯಲ್ಲಿ ಹಣ್ಣು ಕೊಯ್ಯಲು ಕೂತವನ ಪಾಡು ನೋಡಿದ್ದೀಯ. ಮೇಣ ಬೆರಳಿಗೆ, ಬೆರಳಿಂದ ಬಟ್ಟೆಗೆ, ಅಲ್ಲಿಂದ ತಲೆಗೂದಲಿಗೆ. ತೊಳೆ ಮಾತ್ರ ಬಾಯಿಗಿಲ್ಲ. ತಿಳಿದವರು ಕೈಗೂ ಮಚ್ಚಿಗೂ ಎಣ್ಣೆ ಸವರಿಕೊಂಡೇ ಕೂರುತ್ತಾರೆ. ಹಳೆಯ ನೋವಿಗೆ ಕೈ ಹಾಕುವವರಿಗೆ ಕಲೆಯೇ ಆ ಎಣ್ಣೆ. ನಡುವೆ ಒಂದು ಪಾತ್ರವೋ ರಾಗವೋ ಬೇರೊಬ್ಬರ ಕಥೆಯೋ ಇದ್ದರೆ ನೋವು ಬಿಡಿಸಲು ಬರುತ್ತದೆ, ಮೈಗೆ ಮೆತ್ತುವುದಿಲ್ಲ.

ಪ್ರೇಮಾ ಕಾರಂತರನ್ನೇ ನೋಡು. ಎಳವೆಯಲ್ಲೇ ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡವರು. ಶಾಲೆಯಲ್ಲಿ ಪಾಠ ಹೇಳಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ಬೇರೆಯವರ ನಾಟಕ ಸಿನಿಮಾಗಳಿಗೆ ವಸ್ತ್ರವಿನ್ಯಾಸ ಮಾಡಿದರು. 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿ ಊರ ಮಕ್ಕಳನ್ನೆಲ್ಲ ರಂಗದ ಮೇಲೆ ಕುಣಿಸಿದರು. 1983ರಲ್ಲಿ ‘ಫಣಿಯಮ್ಮ’ ಸಿನಿಮಾ ಮಾಡಿದರು. ತಮ್ಮದೇ ಆತ್ಮಕಥೆ ‘ಸೋಲಿಸಬೇಡ ಗೆಲಿಸಯ್ಯ’ ಬಂದದ್ದು ಎಲ್ಲಕ್ಕಿಂತ ತಡವಾಗಿ. ಮೊದಲು ಮಕ್ಕಳ ಕೆಲಸ, ಆಮೇಲೆ ಇನ್ನೊಬ್ಬಳ ಕಥೆ, ಕೊನೆಗೆ ತನ್ನದು. ನೀನು ಹೊರಟಿರುವುದು ಬಾಲದ ಕಡೆಯಿಂದ!

ಆ ಫಣಿಯಮ್ಮನ ಕಥೆ ನಡೆದು ಬಂದ ದಾರಿ ಗೊತ್ತೇನು? ಹಾಲುಗಲ್ಲದ ವಯಸ್ಸಿನಲ್ಲಿ ಮದುವೆ, ಹಿಂದೆಯೇ ವೈಧವ್ಯ. ನಿಜವಾಗಿ ಬಾಳಿದ ಹೆಂಗಸು ಆಕೆ. ತನ್ನ ಪಾಡನ್ನು ಎಂ.ಕೆ. ಇಂದಿರಾ ಅವರ ತಾಯಿಗೆ ಹೇಳಿಕೊಂಡಳು. ತಾಯಿ ಮಗಳಿಗೆ ಹೇಳಿದರು. ಇಂದಿರಾ ಅದನ್ನು ಕಾದಂಬರಿ ಮಾಡಿದ್ದು 1976ರಲ್ಲಿ, ಅರವತ್ತರ ಅಂಚಿನಲ್ಲಿ. ಅಷ್ಟು ಬಾಯಿ, ಅಷ್ಟು ಕಿವಿ ದಾಟಿ ಬಂದ ಕಥೆಯಲ್ಲಿ ಕಹಿ ಉಳಿದಿಲ್ಲ. ತಲೆ ಬೋಳಿಸಿಕೊಳ್ಳಲು ಒಲ್ಲೆ ಅಂದ ಎಳೆ ವಿಧವೆಯ ಬೆನ್ನಿಗೆ ನಿಲ್ಲುವುದು ಅದೇ ಮುದುಕಿ. ತಾನು ಉಂಡದ್ದನ್ನು ಇನ್ನೊಬ್ಬಳು ಉಣ್ಣದಿರಲಿ ಅನ್ನುತ್ತಾಳಲ್ಲ, ವಾಸಿಯಾಗುವುದು ಅಂದರೆ ಅದೇ ಕಣಪ್ಪ.

ಹಾಗಂತ ಸಿಟ್ಟು ಬರಲೇಬಾರದು ಅಂತಲ್ಲ. ಲೂಯಿಸ್ ಬೂರ್ಜ್ವಾ ಅಂತ ಒಬ್ಬ ಶಿಲ್ಪಿ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬಾಳಿದಾಕೆ. ಮನೆಪಾಠ ಹೇಳಲು ಬಂದವಳೊಡನೆಯೇ ಅಪ್ಪ ಸಂಬಂಧ ಇಟ್ಟುಕೊಂಡಿದ್ದ. 1974ರಲ್ಲಿ ಆಕೆ ಅಪ್ಪನನ್ನೇ ತಿಂದುಹಾಕಿದಂತೆ ಒಂದು ಭಯಂಕರ ಕೃತಿ ಮಾಡಿದಳು. 1999ರಲ್ಲಿ, 87ನೇ ವಯಸ್ಸಿನಲ್ಲಿ, ಮೂವತ್ತು ಅಡಿ ಎತ್ತರದ ಹೆಣ್ಣು ಜೇಡ ನಿಲ್ಲಿಸಿದಳು. ಹರಿದ ನೇಯ್ಗೆಗಳನ್ನು ಕೂತು ಸರಿಪಡಿಸುತ್ತಿದ್ದ ಅಮ್ಮನ ನೆನಪಿಗೆ. ಅಪ್ಪನ ಮೇಲಿನ ಸಿಟ್ಟಿನಿಂದ ಅಮ್ಮನ ಅಕ್ಕರೆಗೆ ಬರಲು ಇಪ್ಪತ್ತೈದು ವರ್ಷ. ನಿನಗೆ ಇನ್ನೂ ಇಪ್ಪತ್ತೈದು ತುಂಬಿಲ್ಲ.

ಇನ್ನೊಂದು ಮಾತು. ಈ ದಾರಿಯಲ್ಲಿ ಒಬ್ಬರೇ ನಡೆಯಲಾಗದು. ಪ್ರೇಮಾ ಅವರ ಗಂಡ, ರಂಗದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಸೇರಿದ್ದು ನಮ್ಮ ಗುಬ್ಬಿ ಕಂಪನಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಅದು. ಮುಂದೆ ಅದನ್ನು ನಡೆಸಿದ ವೀರಣ್ಣನವರೂ ಎಳೆ ಹುಡುಗನಾಗಿಯೇ ಅಲ್ಲಿ ಬಣ್ಣ ಹಚ್ಚಿದವರು. ಓಡಿಬಂದವನನ್ನು ಅವರು ಬರೀ ದುಡಿಸಿಕೊಳ್ಳಲಿಲ್ಲ, ಕಾಶಿಗೆ ಓದಲು ಕಳಿಸಿದರು. ನಿನಗೂ ಅಂಥ ಒಬ್ಬರು ಬೇಕು. ಅಕ್ಕನೋ ಮೇಷ್ಟ್ರೋ ಗೆಳೆಯನೋ, ಚಪ್ಪಾಳೆ ತಟ್ಟದೆ ಸುಮ್ಮನೆ ಕೇಳಿಸಿಕೊಳ್ಳುವವರು. ಊರಿಗೆ ಹೇಳುವ ಮೊದಲು ಅವರಿಗೆ ಹೇಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊಬೈಲಿನಲ್ಲಿ ಒಮ್ಮೆ ಹೋದದ್ದನ್ನಂತೂ ಯಾರಪ್ಪನ ಕೈಯಲ್ಲೂ ಹಿಂದಕ್ಕೆ ತರಲಾಗದು.

ಬರೆಯುವಾಗ ಬರೀ ಅಳಬೇಡ, ನಡೆದದ್ದನ್ನೂ ಬರೆ. 1986ರಲ್ಲಿ ಅಮೆರಿಕದ ಪೆನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಂದ ದಿನಕ್ಕೆ 15 ನಿಮಿಷದಂತೆ 4 ದಿನ ತಮ್ಮ ನೋವನ್ನು ಬರೆಸಿದ. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರಿಗೆ ಆ ದಿನಗಳಲ್ಲಿ ಮನಸ್ಸು ಇನ್ನಷ್ಟು ಕುಗ್ಗಿತು. ಮುಂದಿನ ಆರು ತಿಂಗಳು ಮಾತ್ರ ಅವರು ಡಾಕ್ಟರ ಬಾಗಿಲಿಗೆ ಹೋದದ್ದು ಕಡಿಮೆ. ಬರೆದ ರಾತ್ರಿ ನಿನಗೂ ಭಾರ ಅನಿಸಬಹುದು. ಹೆದರಿ ಹರಿದು ಹಾಕಬೇಡ. ಆದರೆ ನಿದ್ದೆ ಹೋದರೆ, ಊಟ ಸೇರದಿದ್ದರೆ, ಬದುಕೇ ಸಾಕು ಅನಿಸಿದರೆ ಕವಿತೆ ಪಕ್ಕಕ್ಕಿಟ್ಟು 14416ಕ್ಕೆ ಫೋನು ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದೇ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜ್ವರ ಬಂದರೆ ಗುಬ್ಬಿ ಆಸ್ಪತ್ರೆಗೆ ಹೋಗುವವರು ಇದಕ್ಕೆ ಯಾಕೆ ನಾಚಬೇಕು?

ಇಷ್ಟೆಲ್ಲ ಕೇಳಿದ ಮೇಲೂ ಕೈ ತುರಿಸುತ್ತಿದ್ದರೆ ಒಂದು ಕೆಲಸ ಮಾಡು. ನಿನ್ನ ಕಥೆ ಪೆಟ್ಟಿಗೆಯಲ್ಲಿರಲಿ, ಅದು ಕೊಳೆಯುವ ಮಾಲಲ್ಲ. ಈ ಬೇಸಿಗೆ ರಜಕ್ಕೆ ಬೀದಿಯ ಮಕ್ಕಳನ್ನು ಕೂಡಿಸಿ ಒಂದು ನಾಟಕ ಆಡಿಸು. ಮಾತು ಮರೆತವನಿಗೆ ಹಿಂದಿನಿಂದ ಎತ್ತಿಕೊಡು. ಯಾವ ಮಗುವಿಗೂ ‘ನಿನ್ನ ಕೈಲಿ ಏನಾಗುತ್ತೆ ಬಿಡು’ ಅನ್ನಬೇಡ. ಅಷ್ಟು ಮಾಡಿ ಬಾ, ಆಮೇಲೆ ನಿನ್ನ ಕಥೆ ಓದೋಣ.