ಗುಡ್ಡಕ್ಕೆ ಬೆಂಕಿ ಬಿದ್ದಾಗ ಮನೆ ಬಿಟ್ಟು ಹೊರಡುವ ಕ್ರಮ

ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ ಕಾಡಿನ ಬೆಂಕಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಆ ಮಳೆಯೇ ಇದಕ್ಕೆ ಕಾರಣವೆಂದರೆ ತಪ್ಪಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಗೆ ನಮ್ಮ ಪದವುಗಳಲ್ಲಿಯೂ ಕುಮ್ಕಿ ಗುಡ್ಡಗಳಲ್ಲಿಯೂ ಮುಳಿಹುಲ್ಲು ಹುಲುಸಾಗಿ ಬೆಳೆಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಬೆಳೆದದ್ದೆಲ್ಲ ಒಣಗಿ ನಿಲ್ಲುತ್ತದೆ. ಹಿಂದೆ ಈ ಹುಲ್ಲನ್ನು ಮನೆಯ ಮಾಡಿಗೆ ಹೊದಿಸಲು ಕೊಯ್ಯುತ್ತಿದ್ದರು, ತರಗೆಲೆಯನ್ನು ಗುಡಿಸಿ ಹಟ್ಟಿಗೆ ತರುತ್ತಿದ್ದರು. ಇಂದು ಹುಲ್ಲಿನ ಮಾಡುಗಳಿಲ್ಲ; ತರಗೆಲೆ ಗುಡಿಸಲು ಆಳು ಸಿಗುವುದಿಲ್ಲ. ಇದರ ಮೇಲೆ ಅಕೇಶಿಯಾ ನೆಡುತೋಪು, ಗೇರು ತೋಪು, ಎಲೆ ಉದುರಿಸಿ ನಿಂತ ರಬ್ಬರ್ ತೋಟ ಇವೆಲ್ಲ ಮನೆಯ ಹಿತ್ತಿಲವರೆಗೂ ಬಂದಿವೆ.

2024ರ ಜನವರಿಯಲ್ಲಿ ಬಂಟ್ವಾಳ ತಾಲೂಕಿನಲ್ಲಿ ಗುಡ್ಡಕ್ಕೆ ಹಿಡಿದ ಬೆಂಕಿಯನ್ನು ನಂದಿಸಲು ಹೋದ ವೃದ್ಧ ದಂಪತಿ ಅದರಲ್ಲಿಯೇ ಸಿಕ್ಕಿ ತೀರಿಕೊಂಡರು. 2023ರ ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿಯ ಸುತ್ತಮುತ್ತ, ಬೆಳ್ತಂಗಡಿ ತಾಲೂಕಿನ ಘಟ್ಟದ ಅಂಚಿನ ಕಾಡುಗಳಲ್ಲಿ ಬೆಂಕಿ ಹರಡಿ ಅರಣ್ಯ ಸಿಬ್ಬಂದಿಯೂ ಊರವರೂ ಶ್ರಮಪಡಬೇಕಾಯಿತು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟುಹೋಗಿ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಯಬೇಕಾಗಿ ಬಂದದ್ದು ಓದುಗರಿಗೆ ನೆನಪಿರಬಹುದು.

ಬಂಟ್ವಾಳದ ಆ ದಂಪತಿ ಮನೆಯೊಳಗೆ ಸಿಕ್ಕಿಬಿದ್ದವರಲ್ಲ ಎಂಬುದನ್ನು ಗಮನಿಸಬೇಕು. ಕಷ್ಟಪಟ್ಟು ಬೆಳೆಸಿದ ಗಿಡ ಉಳಿಸಿಕೊಳ್ಳಬೇಕೆಂದು ಯಾವ ಕೃಷಿಕನಾದರೂ ಮಾಡುವುದನ್ನೇ ಅವರೂ ಮಾಡಿದರು. ಆದುದರಿಂದ ನಮ್ಮ ಊರುಗಳಲ್ಲಿ ಮನೆ ಬಿಟ್ಟು ಹೊರಡುವುದನ್ನು ಕಲಿಯುವುದೆಂದರೆ, ಮೊದಲನೆಯದಾಗಿ, ಬೆಂಕಿ ನಂದಿಸುವ ಕೆಲಸವನ್ನು ಎಲ್ಲಿ ನಿಲ್ಲಿಸಬೇಕೆಂದು ಕಲಿಯುವುದೇ ಆಗಿದೆ.

ಬೆಂಕಿಯ ನಡೆ

ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಏರಿನಲ್ಲಿ ಜ್ವಾಲೆಯು ಮೇಲಿನ ಹುಲ್ಲಿನ ಕಡೆಗೆ ಬಾಗುವುದರಿಂದ ಆ ಹುಲ್ಲು ಬೆಂಕಿ ತಗಲುವ ಮೊದಲೇ ಕಾದು ಸಿದ್ಧವಾಗಿರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆಂಬ ಲೆಕ್ಕವಿದೆ. ಮನುಷ್ಯನಿಗಾದರೋ ಏರು ಹತ್ತಿದಷ್ಟೂ ವೇಗ ಕಡಿಮೆ. ಒಣಹುಲ್ಲಿನ ಗುಡ್ಡದಲ್ಲಿ ಮೇಲಕ್ಕೆ ಓಡಿ ಬೆಂಕಿಯನ್ನು ಹಿಂದೆ ಹಾಕಿದವರಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ, ಇದೇ ಪಶ್ಚಿಮ ಘಟ್ಟದ ಹುಲ್ಲು ಬೆಳೆದ ಇಳಿಜಾರಿನಲ್ಲಿ, ಚಾರಣಕ್ಕೆ ಹೋದವರ ಮೇಲೆ ಬೆಂಕಿ ಎರಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ಗಟ್ಟಿಮುಟ್ಟಾದ ತರುಣ ತರುಣಿಯರು.

ಎರಡನೆಯದು ಗಾಳಿ. ಇದರಲ್ಲಿ ಕರಾವಳಿಗೇ ವಿಶೇಷವಾದ ಒಂದು ಅಪಾಯವಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮಲ್ಲಿ ಬೆಳಗ್ಗಿನ ಹೊತ್ತು ಗಾಳಿ ಘಟ್ಟದ ಕಡೆಯಿಂದ, ಅಂದರೆ ಪೂರ್ವದಿಂದ, ಬೀಸುತ್ತದೆ. ಮಧ್ಯಾಹ್ನದ ವೇಳೆಗೆ ನೆಲ ಕಾದು ಸಮುದ್ರದ ಗಾಳಿ ಪಶ್ಚಿಮದಿಂದ ಒಳನಾಡಿಗೆ ನುಗ್ಗುತ್ತದೆ. ಬಂಟ್ವಾಳ, ಮೂಡುಬಿದಿರೆಗಳಿಗೆ ಅದು ಬೇಗ ತಲಪುತ್ತದೆ. ಬೆಳ್ತಂಗಡಿಯ ಘಟ್ಟದ ಬುಡಕ್ಕೆ ತಡವಾಗಿ ಮುಟ್ಟಿದರೂ ಅಲ್ಲಿ ಕಾದ ಇಳಿಜಾರನ್ನು ಹತ್ತುವ ಗಾಳಿಯೊಡನೆ ಅದು ಸೇರಿಕೊಳ್ಳುತ್ತದೆ. ಹತ್ತು ಗಂಟೆಗೆ ಪಶ್ಚಿಮದ ಕಡೆಗೆ ಮೆಲ್ಲಗೆ ಉರಿಯುತ್ತಿದ್ದ ಬೆಂಕಿ, ಒಂದು ಗಂಟೆಗೆ ಮುಖ ತಿರುಗಿಸಿ ಪೂರ್ವದ ಗುಡ್ಡವನ್ನು ಹತ್ತಲು ಇಷ್ಟೇ ಸಾಕು. ಬೆಳಿಗ್ಗೆ ಬೆಂಕಿಯ ಹಿಂದೆ ಇದ್ದ ಮನೆ ಮಧ್ಯಾಹ್ನ ಅದರ ದಾರಿಯಲ್ಲಿರುತ್ತದೆ. "ಬೆಂಕಿ ಆಚೆ ಹೋಯಿತು" ಎಂದು ಊಟಕ್ಕೆ ಕುಳಿತವರು ಈ ಮಾತನ್ನು ನೆನಪಿಡಬೇಕು.

ಬೆಂಕಿಗೆ ಕಾರಣಗಳ ವಿಚಾರ ಇಲ್ಲಿ ಹೆಚ್ಚು ಬೇಡ. ಸುಡುಮಣ್ಣು ಮಾಡಲು ಹಾಕಿದ ಬೆಂಕಿ, ಗಾಳಿಗೆ ತಾಗಿಕೊಂಡ ವಿದ್ಯುತ್ ತಂತಿಯ ಕಿಡಿ, ಎಸೆದ ಬೀಡಿ ತುಂಡು, ಹಂದಿ ಓಡಿಸಲು ಸಿಡಿಸಿದ ಗರ್ನಾಲು: ಎಲ್ಲವೂ ಗೊತ್ತಿರುವುದೇ.

ಹೊರಡುವ ಗುರುತು

ಬೆಂಕಿಯ ಎದುರು ನಿಂತು ಹೊರಡಬೇಕೋ ಬೇಡವೋ ಎಂದು ಯೋಚಿಸಲು ಸಮಯ ಸಿಗುವುದಿಲ್ಲ. ಆದುದರಿಂದ ಗುರುತನ್ನು ಮೊದಲೇ ಮನೆಮಂದಿಯೆಲ್ಲ ಕುಳಿತು ನಿಶ್ಚಯಿಸಿಕೊಳ್ಳಬೇಕು. ಮನೆಯಿಂದ ಕಾಣುವ ಒಂದು ತಾಣ, ಉದಾಹರಣೆಗೆ ಗುಡ್ಡದ ನೀರಿನ ಟಾಂಕಿ, ಒಂದು ಒಂಟಿ ಮರ ಅಥವಾ ಗೇರು ತೋಪಿನ ಅಗಳು, ಇದನ್ನು ಗೊತ್ತುಮಾಡಿ, ಬೆಂಕಿ ಅದನ್ನು ದಾಟಿದರೆ ಮಾತಿಲ್ಲದೆ ಹೊರಡತಕ್ಕದ್ದು. ವೃದ್ಧರು, ಮಕ್ಕಳು, ಬಾಣಂತಿಯರು, ಉಬ್ಬಸದ ರೋಗಿಗಳು ಈ ಗುರುತಿಗೂ ಕಾಯಬಾರದು. ಹೊಗೆ ಕಂಡಾಗಲೇ ಅವರನ್ನು ಪೇಟೆಯ ಕಡೆಗೆ ಕಳುಹಿಸುವುದು ಮೇಲು.

ನಂದಿಸಲು ಹೋಗುವವರಿಗೂ ಒಂದು ಅಳತೆ ಇದೆ. ಜ್ವಾಲೆ ಸೊಂಟದೆತ್ತರಕ್ಕಿಂತ ಕಡಿಮೆ ಇದ್ದಾಗ ಮಾತ್ರ ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ನಂದಿಸಲು ಸಾಧ್ಯ. ಅದಕ್ಕಿಂತ ಎತ್ತರದ ಜ್ವಾಲೆಯ ಬಳಿ ಶಾಖವನ್ನು ಮೈ ತಡೆಯುವುದಿಲ್ಲ. ಬಡಿಯುವವರು ಬೆಂಕಿಯ ಹಿಂಬದಿಯಿಂದ ಅಥವಾ ಪಕ್ಕದಿಂದ, ಸುಟ್ಟ ನೆಲದ ಮೇಲೆ ಕಾಲಿಟ್ಟುಕೊಂಡೇ ಹೋಗಬೇಕು. ಅದರ ಮುಂದೆ, ಅದರಲ್ಲಿಯೂ ಮೇಲ್ಭಾಗದಲ್ಲಿ, ಎಂದಿಗೂ ನಿಲ್ಲಬಾರದು. ಒಬ್ಬರೇ ಹೋಗುವುದಂತೂ ಸಲ್ಲದು. ಅರುವತ್ತು ದಾಟಿದವರು ಗುಡ್ಡ ಹತ್ತುವ ಬದಲು ಮನೆಯ ಬಳಿ ನಿಂತು ದೂರವಾಣಿ ಮಾಡಿದರೆ ಅದೇ ದೊಡ್ಡ ಉಪಕಾರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಅಗ್ನಿಶಾಮಕ ಠಾಣೆಗಳಿವೆ. 101 ಅಥವಾ 112 ಸಂಖ್ಯೆಗೆ ಕರೆ ಮಾಡಿ ಊರು, ವಾಹನ ಬರಬಹುದಾದ ದಾರಿ, ದಾರಿಯ ಮೋರಿ ಅಥವಾ ಕಿರುಸೇತುವೆ ಭಾರ ತಡೆಯುತ್ತದೆಯೇ ಎಂಬುದನ್ನು ಹೇಳಬೇಕು. ಘಟ್ಟದ ಬುಡದ ಹಲವು ಕಡೆ ದೂರವಾಣಿಯ ಸಂಕೇತ ಸಿಗುವುದಿಲ್ಲ. ಸಿಗುವ ಜಾಗ ಯಾವುದೆಂದು ಮನೆಯ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಕೇಳಿ!

ಎತ್ತ ಹೋಗಬೇಕು?

ಕೆಳಕ್ಕೆ ಮತ್ತು ಪಕ್ಕಕ್ಕೆ. ನಮ್ಮ ಊರಿನ ರಚನೆ ಇದಕ್ಕೆ ಅನುಕೂಲವಾಗಿಯೇ ಇದೆ. ಮೇಲೆ ಗುಡ್ಡ, ನಡುವೆ ಮನೆ, ಕೆಳಗೆ ತೋಟ, ಅದರ ಕೆಳಗೆ ಗದ್ದೆ ಮತ್ತು ತೋಡು. ನೀರು ಹಾಯಿಸುತ್ತಿರುವ ಅಡಿಕೆ ತೋಟದ ನೆಲ ತೇವವಾಗಿದ್ದು ಬೆಂಕಿ ಸುಲಭವಾಗಿ ಒಳಹೊಗುವುದಿಲ್ಲ. ಕೊಯ್ಲಾಗಿ ದನ ಮೇಯ್ದ ಗದ್ದೆಯೂ, ಡಾಮರು ರಸ್ತೆಯೂ, ಹುಲ್ಲಿಲ್ಲದ ಮುರಕಲ್ಲಿನ ಬಯಲೂ ಆಸರೆಯ ಸ್ಥಳಗಳೇ. ಆದರೆ ನೀರು ಬಿಟ್ಟ ತೋಟ, ಸೋಗೆ ಹಾಳೆಗಳನ್ನು ಹೆಕ್ಕದೆ ಬಿಟ್ಟ ತೋಟ, ಇವು ಆಸರೆಯಲ್ಲ. ಗುಡ್ಡದ ಸುರಂಗದೊಳಗೆ ಹೊಕ್ಕು ಕೂರಬಾರದು. ಹೊಗೆ ತುಂಬಿದರೆ ಉಸಿರು ಕಟ್ಟುತ್ತದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯೂ ಕೂಡದು. ಅದು ಒಲೆಯ ಚಿಮಿಣಿಯಂತೆ ಬೆಂಕಿಯನ್ನು ಸೆಳೆಯುತ್ತದೆ.

ಹೆಚ್ಚಿನ ಮನೆಗಳಿಗೆ ಇರುವುದು ಒಂದೇ ಕಚ್ಚಾ ರಸ್ತೆ. ಅದೂ ಕೆಲವೆಡೆ ರಬ್ಬರ್ ಅಥವಾ ಅಕೇಶಿಯಾ ತೋಪಿನ ನಡುವೆಯೇ ಹಾದುಹೋಗುತ್ತದೆ. ಇಂಥವರು ನೆರೆಯವರ ತೋಟದ ಮೂಲಕ ಕಾಲ್ದಾರಿಯೊಂದನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಬೇಕು. ಗಡಿಯ ತಕರಾರಿನಿಂದ ತಡಮೆ ಮುಚ್ಚಿ ಮುಳ್ಳು ಹಾಕಿಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ನ್ಯಾಯಾಲಯದ ವಿಷಯ ಅಲ್ಲಿಯೇ ಇರಲಿ, ಬೇಸಿಗೆಯ ನಾಲ್ಕು ತಿಂಗಳು ಆ ತಡಮೆ ತೆರೆದಿರಲಿ.

ಅಡಿಕೆ, ದನ, ಕಾಗದಪತ್ರ

ಬೆಂಕಿಯ ಕಾಲವೇ ಅಡಿಕೆ ಒಣಗಿಸುವ ಕಾಲವೂ ಆಗಿರುವುದು ನಮ್ಮ ದುರ್ದೈವ. ಚಾಲಿ ಅಡಿಕೆ ನಲ್ವತ್ತು ದಿನಗಳಷ್ಟು ಅಂಗಳದಲ್ಲಿರುತ್ತದೆ. ವರ್ಷದ ದುಡಿಮೆ ಬಿಸಿಲಿನಲ್ಲಿ ಹರಡಿರುವಾಗ ಅದನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸು ಬಾರದು. ಮನೆ ಬಿಡಲು ಹೊತ್ತಾಗುವುದು ಬಹುಶಃ ಇದರಿಂದಲೇ. ಪರಿಹಾರ ಇಷ್ಟೆ: ಒಣಗಿದ್ದನ್ನು ಆಗಾಗ ಚೀಲ ಕಟ್ಟಿ ಕಾಂಕ್ರೀಟು ಮಾಡಿನ ಕೋಣೆಯೊಂದರಲ್ಲಿ ಇಡುತ್ತಾ ಬರಬೇಕು. ಅಂಗಳದಲ್ಲಿ ಉಳಿದದ್ದನ್ನು ಬೆಂಕಿ ಬಂದ ದಿನ ಬಾಚಲು ನಿಲ್ಲಕೂಡದು. ಗೇರುಬೀಜದ ಚೀಲಗಳನ್ನಂತೂ ಮಲಗುವ ಮನೆಯಲ್ಲಿ ಇಡಲೇಬಾರದು. ಸಿಪ್ಪೆಯ ಎಣ್ಣೆಯಿಂದ ಅದು ಭಗ್ಗನೆ ಉರಿದು ಕಣ್ಣು ಮೂಗು ಸುಡುವ ಹೊಗೆ ಬಿಡುತ್ತದೆ. ರಬ್ಬರ್ ಶೀಟು, ಹೊಗೆಗೂಡುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ತರಬೇತಿಯೊಂದರಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ತಾಯಿ, "ನಾವು ಓಡಬಹುದು ಸಾರ್, ಕಟ್ಟಿದ ದನ ಏನು ಮಾಡಬೇಕು?" ಎಂದು ಕೇಳಿದರು. ಅಂದು ನಾನು ಹೇಳಬೇಕೆಂದು ಬರೆದುಕೊಂಡು ಹೋದ ಟಿಪ್ಪಣಿಯಲ್ಲಿ ದನದ ಮಾತೇ ಇರಲಿಲ್ಲ. ಉತ್ತರ ಹೀಗೆ: ಸಮಯವಿದ್ದರೆ ದನಗಳನ್ನು ಮೊದಲೇ ಗದ್ದೆಗೆ ಹೊಡೆದುಕೊಂಡು ಹೋಗಬೇಕು. ಸಮಯವಿಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು, ಬಿಚ್ಚಲಾಗದಿದ್ದರೆ ಕತ್ತರಿಸಬೇಕು. ಅದಕ್ಕಾಗಿ ಹಟ್ಟಿಯ ಬಾಗಿಲಲ್ಲಿ ಒಂದು ಕತ್ತಿ ಸದಾ ಸಿಕ್ಕಿಸಿರಲಿ. ಹೊರಗೆ ಬಿಟ್ಟ ದನ ಗಾಬರಿಯಲ್ಲಿ ಮರಳಿ ಹಟ್ಟಿಗೇ ನುಗ್ಗುವುದುಂಟು, ಆದುದರಿಂದ ಬಾಗಿಲು ಹಾಕಿಬಿಡಬೇಕು. ಸರಪಳಿಯಿಂದ ಕಟ್ಟುವ ಪದ್ಧತಿ ಇರುವವರು ಬೇಸಿಗೆಯಲ್ಲಾದರೂ ಹಗ್ಗಕ್ಕೆ ಬದಲಿಸುವುದು ಒಳ್ಳೆಯದು. ನಾಯಿಯ ಗೂಡನ್ನೂ ಮರೆಯಬಾರದು.

ಒಂದು ಬಟ್ಟೆಚೀಲದಲ್ಲಿ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಪುಸ್ತಕ, ನಿತ್ಯದ ಔಷಧಿ, ಟಾರ್ಚು, ನೀರು ಇಷ್ಟನ್ನು ಫೆಬ್ರುವರಿಯಿಂದಲೇ ಬಾಗಿಲ ಬಳಿ ತೂಗುಹಾಕಿರಬೇಕು. ಪಹಣಿಗಾಗಿ ಪೆಟ್ಟಿಗೆ ತಡಕುವುದು ಬೇಡ, ಅದರ ಪ್ರತಿ ಮತ್ತೆ ಸಿಗುತ್ತದೆ. ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ಹಾಕಿ, ಹತ್ತಿಯ ಬಟ್ಟೆ ತೊಟ್ಟು, ಕಾಲಿಗೆ ಗಟ್ಟಿ ಚಪ್ಪಲಿ ಅಥವಾ ಬೂಟು ಹಾಕಿ ಹೊರಡಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಶಾಖಕ್ಕೆ ಕರಗಿ ಮೈಗೆ ಅಂಟುತ್ತದೆ. ಮನೆಯಲ್ಲಿ ನೈಟಿ ತೊಟ್ಟಿರುವ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹೊರಡಲು ತಡವಾಗಿಬಿಟ್ಟರೆ

ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ 2009ರ ಫೆಬ್ರುವರಿ 7ರಂದು ಹೊತ್ತಿಕೊಂಡ ಬೆಂಕಿಗಳಲ್ಲಿ 173 ಜನ ಸತ್ತರು. ಅದಕ್ಕೆ ಮೊದಲು ಅಲ್ಲಿ, ಸಿದ್ಧತೆಯಿದ್ದರೆ ಮನೆಯಲ್ಲಿ ನಿಂತು ಕಾಯಿರಿ, ಇಲ್ಲವೇ ಬೇಗ ಹೊರಡಿರಿ ಎಂದು ಹೇಳುತ್ತಿದ್ದರು. ಆ ದುರಂತದ ಬಳಿಕ ಬೇಗ ಹೊರಡುವುದಕ್ಕೇ ಒತ್ತು ಕೊಟ್ಟರು. ಆದರೆ ತಡವಾಗಿ ಹೊರಡುವುದು ಎಲ್ಲಕ್ಕಿಂತ ಅಪಾಯವೆಂಬ ಮಾತು ಅಂದೂ ಇಂದೂ ಒಂದೇ. ದಾರಿಯಲ್ಲಿ ಬೆಂಕಿ ಬಂದಾಗಿದೆ ಎಂದಾದರೆ ಓಡಬಾರದು. ಮುರಕಲ್ಲಿನ ಗೋಡೆಯ ಮನೆ, ಸುತ್ತ ಗುಡಿಸಿದ ಅಂಗಳ ಇದ್ದರೆ ಒಳಗೇ ಉಳಿದು, ಬೆಂಕಿ ಬರುವ ದಿಕ್ಕಿಗೆ ವಿರುದ್ಧವಾದ, ಹೊರಬಾಗಿಲಿರುವ ಕೋಣೆಯಲ್ಲಿ ಎಲ್ಲರೂ ಸೇರಬೇಕು. ಹುಲ್ಲಿನ ಬೆಂಕಿಯ ಮುಂಚೂಣಿ ಕೆಲವೇ ನಿಮಿಷಗಳಲ್ಲಿ ದಾಟಿಹೋಗುತ್ತದೆ. ಅದು ದಾಟಿದೊಡನೆ ಹೊರಬಂದು ಸುಟ್ಟ ನೆಲದ ಕಡೆಗೆ ಹೋಗಬಹುದು. ಬಯಲಲ್ಲಿ ಸಿಕ್ಕಿಬಿದ್ದವರಿಗೂ ಸುಟ್ಟು ಕಪ್ಪಾದ ನೆಲವೇ ಆಸರೆ.

ಕಿಡಿ ಬರುವುದು ಮಾತ್ರ ಮೇಲಿನಿಂದ. ಹಂಚಿನ ಸಂದಿನಿಂದ ಒಳಬಿದ್ದ ಕಿಡಿಗೆ ಅಟ್ಟದಲ್ಲಿ ಏನು ಸಿಗುತ್ತದೆ? ತೆಂಗಿನ ಸಿಪ್ಪೆ, ಹಳೆಯ ಗೋಣಿ, ಕಟ್ಟಿಗೆ, ಹಾಳೆ! ಡಿಸೆಂಬರ್‌ನಲ್ಲಿ ಅಟ್ಟ ಖಾಲಿ ಮಾಡುವುದು ಒಂದು ದಿನದ ಕೆಲಸ. ಅದರೊಡನೆ ಮನೆಯ ಸುತ್ತ 30 ಅಡಿ ಅಗಲಕ್ಕೆ ಹುಲ್ಲು ಕೆತ್ತಿ, ಮಾಡಿನ ಓಣಿಯ ತರಗೆಲೆ ತೆಗೆದು, ಬೈಹುಲ್ಲಿನ ರಾಶಿಯನ್ನು ಮನೆ ಹಟ್ಟಿಗಳಿಂದ ದೂರ ಇಡಬೇಕು. ಪಂಪ್‌ಸೆಟ್ಟನ್ನು ನಂಬಿ ಕೂರಬಾರದು. ಬೆಂಕಿಯ ಹೊತ್ತಿಗೆ ವಿದ್ಯುತ್ ಕಡಿತವಾಗುವುದೇ ಹೆಚ್ಚು. ಎತ್ತರದ ಟಾಂಕಿಯಿಂದ ತಾನಾಗಿ ಇಳಿಯುವ ನೀರಿಗೆ ಒಂದು ಉದ್ದ ಪೈಪು ಜೋಡಿಸಿಟ್ಟಿರಬೇಕು. ಊರಿಗೆ ಎಚ್ಚರಿಕೆ ಕೊಡಲು ದೇವಸ್ಥಾನದ, ಇಗರ್ಜಿಯ ಗಂಟೆಯೂ ಮಸೀದಿಯ ಧ್ವನಿವರ್ಧಕವೂ ಇವೆ. ಇದನ್ನೆಲ್ಲ ಮಾತಾಡಿಕೊಳ್ಳಲು ಪ್ರತ್ಯೇಕ ಸಭೆ ಬೇಡ, ಬೆಳಿಗ್ಗೆ ಹಾಲಿನ ಸಂಘದಲ್ಲಿ ಎಲ್ಲರೂ ಸೇರಿಯೇ ಇರುತ್ತಾರೆ. ವಿಸ್ತರಣಾ ಕಾರ್ಯಕರ್ತರು ಅಲ್ಲಿಗೆ ಹೋಗಿ ಹತ್ತು ನಿಮಿಷ ಮಾತಾಡಿದರೆ ಸಾಕು.

ಹಿಂತಿರುಗಿದ ಮೇಲೆ

ಅಗ್ನಿಶಾಮಕದವರು ಅಥವಾ ಅರಣ್ಯ ಸಿಬ್ಬಂದಿ ಹೇಳುವ ತನಕ ಮರಳಬಾರದು. ನೆಲದ ಮೇಲೆ ಆರಿದಂತೆ ಕಂಡರೂ ಬೇರು, ಕುತ್ತಿಗಳೊಳಗೆ ಕೆಂಡ ದಿನಗಟ್ಟಲೆ ಉಳಿಯುತ್ತದೆ. ಕಡಿದುಬಿದ್ದ ತಂತಿಯನ್ನು ಮುಟ್ಟದೆ ಮೆಸ್ಕಾಂಗೆ ತಿಳಿಸಬೇಕು. ನಷ್ಟದ ವಿಷಯ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಚಿತ್ರ ತೆಗೆದಿಟ್ಟುಕೊಂಡು, ಮಹಜರು ಆದ ಮೇಲೆಯೇ ಬೂದಿ ಗುಡಿಸಬೇಕು. ಕಾಂಡ ಕರಿದಾದ ಅಡಿಕೆ ಮರಗಳನ್ನು ಕಡಿಯಲು ಅವಸರ ಮಾಡಬಾರದು. ಸುಳಿ ಹಸುರಾಗಿ ಗಟ್ಟಿಯಾಗಿದ್ದರೆ ಬುಡಕ್ಕೆ ನೀರು ಕೊಟ್ಟು ಮಳೆಗಾಲದ ತನಕ ನೋಡಬೇಕು. ಸುಳಿಯನ್ನು ಎಳೆದಾಗ ಕೈಗೆ ಬಂದರೆ ಮಾತ್ರ ಆ ಮರವನ್ನು ತೆಗೆಯಬಹುದು.