ಚಿತ್ರವನ್ನು ಕಿರಿದುಗೊಳಿಸುವ ಕೆಲಸ ಯಾರದು?

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುವಾಗ ನನ್ನ ಭಾವಚಿತ್ರವನ್ನು ಜಾಲತಾಣವು ಮೂರು ಬಾರಿ ತಿರಸ್ಕರಿಸಿತು. ಚಿತ್ರವು 50 ಕಿಲೋಬೈಟಿಗಿಂತ ದೊಡ್ಡದೆಂಬುದೇ ದೋಷ. ಅಂದು ಕೊನೆಯ ದಿನ ಬೇರೆ. ಕಿಬ್ಬನಹಳ್ಳಿ ಕ್ರಾಸಿನ ಕಂಪ್ಯೂಟರ್ ಅಂಗಡಿಯ ಮುಂದೆ ನನ್ನಂತೆಯೇ ಹತ್ತು ಹನ್ನೆರಡು ಮಂದಿ ನಿಂತಿದ್ದರು. ಅಂಗಡಿಯಾತ ಒಂದೇ ನಿಮಿಷದಲ್ಲಿ ಚಿತ್ರವನ್ನು ಕಿರಿದುಮಾಡಿ ಇಪ್ಪತ್ತು ರೂಪಾಯಿ ಪಡೆದ. ನಿಮಿಷದ ಈ ಕೆಲಸವನ್ನು ಅರ್ಜಿ ಪಡೆಯುವ ಯಂತ್ರವೇ ಏಕೆ ಮಾಡಬಾರದು? ಕಲಾ ವಿದ್ಯಾರ್ಥಿಯಾದ ನಾನು ಈ ಪ್ರಶ್ನೆಯ ಬೆನ್ನುಹತ್ತಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮಾಡಬಹುದು, ಮಾಡುತ್ತಲೂ ಇದ್ದಾರೆ. ನಾವು ಪ್ರಬಂಧಗಳಿಗಾಗಿ ತೆರೆಯುವ ಕನ್ನಡ ವಿಕಿಪೀಡಿಯವೇ ಇದಕ್ಕೆ ಸಾಕ್ಷಿ. 2003ರಲ್ಲಿ ಆರಂಭವಾದ ಈ ವಿಶ್ವಕೋಶವು ಮೀಡಿಯಾವಿಕಿ ಎಂಬ ತಂತ್ರಾಂಶದಿಂದ ನಡೆಯುತ್ತದೆ. ಚಿತ್ರದ ಗಾತ್ರವನ್ನು ಬದಲಿಸುವ ಕೆಲಸ ಮಾತ್ರ ಥಂಬರ್ ಎಂಬ ಬೇರೊಂದು ಸೇವೆಯದು. ಬ್ರೆಜಿಲ್ ದೇಶದ ಗ್ಲೋಬೋ.ಕಾಂ ಸಂಸ್ಥೆಯಲ್ಲಿ ಹುಟ್ಟಿದ ಈ ಮುಕ್ತ ತಂತ್ರಾಂಶವನ್ನು ವಿಕಿಮೀಡಿಯದವರು 2017ರಲ್ಲಿ ಬಳಕೆಗೆ ತಂದರು.

ಇವೆರಡನ್ನೂ ಬೆಸೆಯುವುದು ಚಿತ್ರದ ವಿಳಾಸವೇ. ಲೇಖನದ ಪುಟವು ಚಿತ್ರವನ್ನು ಹೊತ್ತು ತರುವುದಿಲ್ಲ, ಅದರ ವಿಳಾಸವನ್ನಷ್ಟೇ ತರುತ್ತದೆ. ಆ ವಿಳಾಸದಲ್ಲಿ ಚಿತ್ರದ ಹೆಸರಿನೊಡನೆ ಬೇಕಾದ ಅಗಲವೂ ಬರೆದಿರುತ್ತದೆ. 250 ಬಿಂದುಗಳೆಂದು ಇಟ್ಟುಕೊಳ್ಳೋಣ. ಬ್ರೌಸರ್ ಅದನ್ನು ಕೇಳಿದಾಗ ಸಂಗ್ರಹದಲ್ಲಿ ಸಿದ್ಧ ಪ್ರತಿಯಿದ್ದರೆ ಅದೇ ಬರುತ್ತದೆ. ಇಲ್ಲವಾದರೆ ಕೋರಿಕೆಯು ಥಂಬರಿಗೆ ಹೋಗುತ್ತದೆ. ಅದು ಮೂಲಚಿತ್ರವನ್ನು ತೆಗೆದುಕೊಂಡು, ಅಗಲಕ್ಕೆ ತಕ್ಕಂತೆ ಎತ್ತರವನ್ನೂ ಇಳಿಸಿ, ಹೊಸ ಪ್ರತಿಯನ್ನು ಕೊಡುತ್ತದೆ. ಆ ಪ್ರತಿ ಮುಂದೆ ಕೇಳುವವರಿಗಾಗಿ ಉಳಿಯುತ್ತದೆ. ನಮ್ಮ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆಕೊಬ್ಬರಿಯನ್ನು ಅಡುಗೆಗೆ ಬೇಕಾದಷ್ಟೇ ತುರಿದುಕೊಳ್ಳುವುದಿಲ್ಲವೆ, ಹಾಗೆ. ಕೊಬ್ಬರಿ ಸವೆಯುತ್ತದೆ, ಮೂಲಚಿತ್ರ ಸವೆಯದು, ಇಷ್ಟೇ ಭೇದ.

ಲಾಭವನ್ನು ಲೆಕ್ಕಹಾಕಿ ನೋಡಬಹುದು. 4000 ಅಗಲ, 3000 ಎತ್ತರದ ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಬಿಂದುಗಳು. ಅಗಲವನ್ನು 250ಕ್ಕೆ ಇಳಿಸಿದರೆ ಉಳಿಯುವುವು ಸುಮಾರು 47 ಸಾವಿರ. ಸಿಗ್ನಲ್ಲಿಗಾಗಿ ತೋಟದಲ್ಲಿ ಅಲೆಯುವವರಿಗೆ ಈ ಅಂತರದ ಬೆಲೆ ಗೊತ್ತು.

ಇಲ್ಲಿ ಒಂದು ಅಪಾಯವೂ ಉಂಟು. ವಿಳಾಸದಲ್ಲಿ ಯಾರು ಬೇಕಾದರೂ 251, 252 ಎಂದು ಅಗಲಗಳನ್ನು ಬರೆಯುತ್ತ ಹೋದರೆ ಸೇವೆಯು ಬಳಲಿ ನಿಲ್ಲಬಹುದು. ಆದ್ದರಿಂದ ಥಂಬರಿನಲ್ಲಿ ಒಂದು ಏರ್ಪಾಡಿದೆ. ಜಾಲತಾಣಕ್ಕೂ ಸೇವೆಗೂ ಮಾತ್ರ ತಿಳಿದ ಗುಪ್ತ ಕೀಲಿಯೊಂದರಿಂದ ವಿಳಾಸಕ್ಕೆ ರುಜು ಹಾಕಬಹುದು; ಒಂದಂಕಿ ತಿದ್ದಿದರೂ ರುಜು ತಾಳೆಯಾಗದೆ ಕೋರಿಕೆ ತಿರಸ್ಕೃತವಾಗುತ್ತದೆ. ಕೆಲವೇ ಅಗಲಗಳಿಗೆ ಅನುಮತಿ ಕೊಡುವುದು ಇನ್ನೊಂದು ಉಪಾಯ. ಹಾಗೆಯೇ, ಸೇವೆಯು ಉತ್ತರಿಸದಿದ್ದರೆ ಎಷ್ಟು ಕ್ಷಣ ಕಾಯಬೇಕೆಂಬುದನ್ನೂ ಮೊದಲೇ ಗೊತ್ತುಪಡಿಸಿರಬೇಕು. ಇಲ್ಲದಿದ್ದರೆ ಆ ಚಿತ್ರದ ಜಾಗ ಬಹಳ ಹೊತ್ತು ಖಾಲಿಯಾಗಿಯೇ ಉಳಿದೀತು.

ಅರ್ಜಿಯಲ್ಲಿ ಚಿತ್ರವು ನಮ್ಮಿಂದ ಯಂತ್ರದತ್ತ ಹೋಗುತ್ತದೆ, ಸೂತ್ರ ಅದೇ. ದೊಡ್ಡ ಚಿತ್ರವನ್ನು ಸ್ವೀಕರಿಸಿ, ಇಂಥ ಸೇವೆಗೆ ಒಪ್ಪಿಸಿ, 50 ಕಿಲೋಬೈಟಿನೊಳಗೆ ಬರುವ ತನಕ ಗಾತ್ರವನ್ನೂ ಗುಣಮಟ್ಟವನ್ನೂ ಹಂತಹಂತವಾಗಿ ಇಳಿಸಿದರಾಯಿತು. ದೊಡ್ಡ ಚಿತ್ರವನ್ನು ಕಳುಹಿಸುವುದೇ ಹಳ್ಳಿಯಲ್ಲಿ ಕಷ್ಟವೆನ್ನುವಿರಾ? ಹಾಗಿದ್ದರೆ ಕಳುಹಿಸುವ ಮುನ್ನ ಫೋನಿನ ಬ್ರೌಸರಿನಲ್ಲಿಯೇ ಕಿರಿದುಗೊಳಿಸುವಂತೆ ಜಾಲತಾಣವನ್ನು ರಚಿಸಬಹುದು. ಇಂದಿನ ಬ್ರೌಸರುಗಳಿಗೆ ಆ ಶಕ್ತಿ ಇದೆ. ಈ ವರ್ಷ ತಮ್ಮನ ಅರ್ಜಿ ತುಂಬಲು ಕುಳಿತಾಗಲೂ ಪರದೆಯ ಮೇಲೆ ಮೂಡಿದ್ದು ಅದೇ 50 ಕಿಲೋಬೈಟಿನ ಕೆಂಪು ಸಾಲು.